ನಮ್ಮ ಸೀಮೆಯ ಸಾಲದ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಅಡಿಗಲ್ಲು, ಗೋಪುರ, ಗಂಟೆ ಹಾಗೂ ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ ತಪ್ಪದೆ ಅಚ್ಚಾಗುತ್ತವೆ. ಅವು ಅವಶ್ಯವಾದವುಗಳೇ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಜನರು ಬಿತ್ತನೆಗೆ, ಮದುವೆಗೆ, ಔಷಧೋಪಚಾರಕ್ಕೆ ಹಣವನ್ನು ಎಲ್ಲಿಂದ ತಂದರು, ಅದಕ್ಕಾಗಿ ಏನನ್ನು ತೆತ್ತರು ಎಂಬ ಚರಿತ್ರೆಯನ್ನು ಬರೆದಿಟ್ಟವರು ವಿರಳ. ಕೈಗೆ ಬಂದ ಹಣವೆಷ್ಟು ಎಂಬುದಕ್ಕಿಂತಲೂ, ಅದರ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದೇ ಬಡವನ ಭದ್ರತೆಯನ್ನು ನಿರ್ಣಯಿಸಿತೆಂದು ನಾವು ಭಾವಿಸುತ್ತೇವೆ.

ಹಣದ ಅಭಾವ ಎಂತಹ ವಿಪತ್ತೆಂಬುದನ್ನು ನಮ್ಮ ಪೂರ್ವಿಕರು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಕಂಡರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಆ ಬರದ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜೋಲಾರಪೇಟೆಯಿಂದ ಮಾಲೂರಿನ ಮೂಲಕ ಬೆಂಗಳೂರಿಗೆ ಹೋಗುವ ರೈಲುಮಾರ್ಗ 1864ರಲ್ಲಿಯೇ ತೆರೆದಿತ್ತು. ಬರಗಾಲದಲ್ಲಿ ಮದರಾಸಿನ ಕಡೆಯಿಂದ ದವಸ ಅದೇ ಹಳಿಗಳ ಮೇಲೆ ಬರುತ್ತಿತ್ತು. ಆದರೆ ಬೆಳೆ ಹೋದೊಡನೆ ಕೂಲಿಯೂ ಹೋಗಿತ್ತು, ಬೆಲೆ ಮಾತ್ರ ಏರಿತ್ತು. ಧಾನ್ಯದ ಮೂಟೆಗಳು ಕಣ್ಣೆದುರಿಗೇ ಸಾಗುತ್ತಿದ್ದರೂ ಕೊಳ್ಳಲು ಕಾಸಿಲ್ಲದವರು ಹಸಿವಿನಿಂದ ಸತ್ತರು.

ಅಂತಹ ಕಾಲದಲ್ಲಿ ರೈತನಿಗೆ ಉಳಿದಿದ್ದ ಆಶ್ರಯ ಸಾಹುಕಾರನೊಬ್ಬನೇ. ನಿಜ, ಅಪರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಹಣ ಕೊಡುತ್ತಿದ್ದವನು ಅವನೇ. ಆದರೆ ಅಕ್ಷರ ಬಲ್ಲವನು ಬರೆದುಕೊಂಡ, ಬಾರದವನು ಹೆಬ್ಬೆಟ್ಟು ಒತ್ತಿದ. ಅಸಲು ಎಷ್ಟು, ಬಡ್ಡಿ ಎಷ್ಟು, ತೀರಿದ್ದು ಎಷ್ಟು ಎಂಬುದು ಸಾಲಗಾರನಿಗೆ ತಿಳಿಯದೇ ಹೋಯಿತು. ಮೊದಲು ಒಡವೆ ಅಡವಾಯಿತು, ಬಳಿಕ ಹೊಲ. ಏನೂ ಉಳಿಯದವನು ತಾನೇ ಅಡವಾಗಿ ಜೀತಕ್ಕೆ ನಿಂತ. 2001ರಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಗಣಿಗಳು ಇದೇ ಜಿಲ್ಲೆಯಲ್ಲಿದ್ದವು. ಚಿನ್ನದ ಜಿಲ್ಲೆಯಲ್ಲೇ ಬಡ ಹೆಣ್ಣುಮಗಳ ಒಂದು ಜೊತೆ ಓಲೆ ಮನೆಯಲ್ಲಿ ಉಳಿಯಲಿಲ್ಲ.

ಈ ಸಂಕಟ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. 1462ರಲ್ಲಿ ಇಟಲಿಯ ಪೆರೂಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪ್ರೇರಣೆಯಿಂದ ಬಡವರ ವಸ್ತುಗಳನ್ನು ಒತ್ತೆಯಿರಿಸಿಕೊಂಡು, ನಿರ್ವಹಣೆಯ ವೆಚ್ಚದಷ್ಟನ್ನೇ ಪಡೆದು ಸಾಲ ಕೊಡುವ ಧರ್ಮನಿಧಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರೈಫೈಸೆನ್ ಎಂಬವರು ಹಳ್ಳಿಯವರೇ ಕೂಡಿ ನಡೆಸುವ ಪತ್ತಿನ ಸಂಘಗಳನ್ನು ಕಟ್ಟಿದರು. ಆ ಮಾದರಿ ಭಾರತಕ್ಕೂ ಬಂದಿತು. 1904ರಲ್ಲಿ ಭಾರತದ ಸಹಕಾರ ಸಂಘಗಳ ಕಾಯ್ದೆ, 1905ರಲ್ಲಿ ಮೈಸೂರು ಸಂಸ್ಥಾನದ ಕಾನೂನು ಜಾರಿಗೆ ಬಂದವು. ಅದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಸ್ಥಾಪಿಸಿದರು. 1909ರಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ನರು ಛೋಟಾನಾಗಪುರದ ಆದಿವಾಸಿಗಳ ಜಮೀನು ಸಾಲಕ್ಕೆ ಹೋಗದಿರಲೆಂದು ಕ್ಯಾಥೋಲಿಕ್ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1912ರಲ್ಲಿ ಮಂಗಳೂರಿನ ಕ್ಯಾಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು.

ಆದರೂ ಸಹಕಾರದ ಬೆಳಕು ಬಹುಕಾಲ ಬಡವನ ಹೊಸ್ತಿಲು ಮುಟ್ಟಲಿಲ್ಲ. 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ, ರೈತರು ಪಡೆದ ಪ್ರತಿ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ ಮಾತ್ರ. ಸುಮಾರು 70 ರೂಪಾಯಿ ಲೇವಾದೇವಿಗಾರರಿಂದ ಬಂದಿತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 1976ರಲ್ಲಿ ಜೀತ ಪದ್ಧತಿಯನ್ನು ರದ್ದುಪಡಿಸುವ ಕೇಂದ್ರದ ಕಾಯ್ದೆಯೂ ಕರ್ನಾಟಕದ ಋಣ ಪರಿಹಾರ ಕಾಯ್ದೆಯೂ ಬಂದವು. ಹಳೆಯ ಸಾಲ ಕಾಗದದಲ್ಲಿ ಅಳಿಯಿತು. ಆದರೆ ಮುಂದಿನ ಮುಂಗಾರಿಗೆ ಬೀಜದ ಹಣ ಕೊಡುವವರು ಯಾರು ಎಂಬ ಪ್ರಶ್ನೆ ಉಳಿಯಿತು.

ಅದಕ್ಕೆ ಒಂದು ಉತ್ತರ ಹಾಲಿನಿಂದ ಬಂದಿತು. 1974ರ ನಂತರ ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿಕೊಂಡವು. ರಾಗಿಯ ಹಣ ವರ್ಷಕ್ಕೊಮ್ಮೆ, ಮಾವಿನ ಹಣ ಮಳೆ ಗಾಳಿಗಳ ದಯೆಯಿಂದ. ಹಾಲಿನ ಬಟವಾಡೆಯಾದರೋ ದಿನ ತಪ್ಪದೆ ಬರುವಂಥದ್ದು. ಅಳತೆ ಕಣ್ಣೆದುರಿಗೆ, ಲೆಕ್ಕ ಕೈಯಲ್ಲಿರುವ ಪುಸ್ತಕದಲ್ಲಿ.

ಎರಡನೆಯ ಉತ್ತರವನ್ನು ಕೊಟ್ಟವರು ಹೆಣ್ಣುಮಕ್ಕಳು. 1980ರ ದಶಕದಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ, ಮಾಲೂರಿಗೆ ನೆರೆಯ ಬಂಗಾರಪೇಟೆ ತಾಲೂಕಿನ ಕಾಮಸಮುದ್ರದ ಸುತ್ತಿನ ಮಹಿಳೆಯರು ಸಣ್ಣ ಸಂಘಗಳಾಗಿ ಕೂಡಿ ವಾರವಾರ ಉಳಿತಾಯ ಮಾಡತೊಡಗಿದರು. ಉಳಿದ ಹಣವನ್ನು ಯಾರಿಗೆ, ಯಾತಕ್ಕೆ, ಎಷ್ಟು ಬಡ್ಡಿಗೆ ಕೊಡಬೇಕೆಂಬುದನ್ನು ತಾವೇ ಕುಳಿತು ತೀರ್ಮಾನಿಸಿದರು. 1990ರ ದಶಕದ ಆದಿಯಲ್ಲಿ ನಬಾರ್ಡ್ ಯೋಜನೆಯಂತೆ ಬ್ಯಾಂಕುಗಳು ಒತ್ತೆಯಿಲ್ಲದೆ ಇಂತಹ ಸಂಘಗಳಿಗೇ ಸಾಲ ಕೊಡಲಾರಂಭಿಸಿದಾಗ, ದೇಶದಲ್ಲಿ ಮೊಟ್ಟಮೊದಲು ಸಾಲ ಪಡೆದ ಸಂಘಗಳ ಸಾಲಿನಲ್ಲಿ ಕೋಲಾರ ಜಿಲ್ಲೆಯ ಮಹಿಳಾ ಸಂಘಗಳಿದ್ದವು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

ಆದರೆ ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. ಗುಂಪಿನ ರೂಪ ಉಳಿದು, ಉಳಿತಾಯವೂ ತೀರ್ಮಾನದ ಹಕ್ಕೂ ಇಲ್ಲದ ಸಾಲ ಬಂದಿತು. ಕಿರುಸಾಲದ ಖಾಸಗಿ ಕಂಪನಿಗಳು ಒಂದೇ ಬೀದಿಯಲ್ಲಿ ಪೈಪೋಟಿಯಿಂದ ಹಣ ಹಂಚಿದವು. ಒಂದರ ಕಂತು ತೀರಿಸಲು ಮತ್ತೊಂದರಲ್ಲಿ ಸಾಲ ಎತ್ತುವಂತಾಯಿತು. ಒಬ್ಬಳು ತಪ್ಪಿದರೆ ನೆರೆಯವಳು ತೆರಬೇಕಾಯಿತು. 2009ರ ಆರಂಭದಲ್ಲಿ ಕೋಲಾರ ಪಟ್ಟಣದ ಅಂಜುಮನ್ ಸಮಿತಿಯು ತಮ್ಮ ಸಮುದಾಯದ ಮಹಿಳೆಯರಿಗೆ ಈ ಸಾಲವನ್ನು ಮರುಪಾವತಿ ಮಾಡಬೇಡಿರೆಂದು ಹೇಳಿತು. ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಪ್ರಾಮಾಣಿಕವಾಗಿ ಕಂತು ಕಟ್ಟುತ್ತಿದ್ದವರಿಗೂ ಬಾಗಿಲು ಮುಚ್ಚಿತು. ಮರುವರ್ಷ ನೆರೆಯ ಆಂಧ್ರದಲ್ಲಿ ಇದೇ ಬಿಕ್ಕಟ್ಟು ಇನ್ನೂ ದೊಡ್ಡದಾಗಿ ಎದ್ದಿತು. 2022ರಲ್ಲಿ ರಿಸರ್ವ್ ಬ್ಯಾಂಕು, ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ವಿಧಿಸಿತು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಸಾಲವೇ ಪಾಪವೆಂಬುದನ್ನಲ್ಲ. ಸಕಾಲದ ಸಾಲ ಹಸುವಾಗಿದೆ, ಕೊಳವೆಬಾವಿಯಾಗಿದೆ, ಮಕ್ಕಳ ವಿದ್ಯೆಯಾಗಿದೆ. ಆದರೆ ಬಡ್ಡಿಯ ದರವನ್ನು ಕೇಳಿ ತಿಳಿಯದೆ ಯಾರೂ ರುಜು ಹಾಕಬಾರದು. ಕಂತಿನ ದಿನ ನಮ್ಮ ಆದಾಯದ ದಿನಕ್ಕೆ ಹೊಂದಬೇಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಮನೆಯಲ್ಲಿರಬೇಕು. ಸಾಲದಲ್ಲಿ ಸಿಲುಕಿದ ಕುಟುಂಬ ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳದಂತೆ ನೆರೆಹೊರೆಯವರು ಹೋಗಿ ವಿಚಾರಿಸಬೇಕು.

ಯಾಜಕಕಾಂಡದ 25ನೆಯ ಅಧ್ಯಾಯದಂತೆ ಐವತ್ತನೆಯ ವರ್ಷ ಜೂಬಿಲಿಯ ವರ್ಷ. ಮಾರಿಹೋದ ಹೊಲ ಮೂಲದ ಮನೆತನಕ್ಕೆ ಹಿಂದಿರುಗಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆ ಹೊಂದಬೇಕು. ನೂರು ವರ್ಷಗಳಲ್ಲಿ ಅಂತಹ ಜೂಬಿಲಿಗಳು ಎರಡು. ದೀಪಾಲಂಕಾರ, ಮೆರವಣಿಗೆ, ಸಹಭೋಜನಗಳ ಜೊತೆಗೆ, ಸಾಲದ ಬಲೆಯಲ್ಲಿರುವ ಒಂದು ಮನೆಯನ್ನಾದರೂ ಪ್ರತಿ ವಠಾರದವರು ಕೂಡಿ ಬಿಡಿಸಿದರೆ ಈ ಶತಮಾನೋತ್ಸವಕ್ಕೆ ಅರ್ಥ ಬಂದೀತು.