ಒಣ ಹಳ್ಳವೂ ಹೊಳೆಯೇ: ಹಟ್ಟಿಯ ನೆಲದಿಂದ ತ್ಯಾಜ್ಯನೀರಿನ ಕಾನೂನು

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ 600 ಅಡಿಗಳಷ್ಟು ಆಳಕ್ಕಿಳಿದು ಚಿನ್ನದ ಅದಿರನ್ನು ತೆಗೆದಿದ್ದರು. ಅದಿರನ್ನು ಕುಟ್ಟಿ, ಅರೆದು, ನೀರಿನಲ್ಲಿ ತೊಳೆಯುವುದು ಹಳೆಯ ಕ್ರಮ. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸಯನೈಡ್ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಗಣಿಗಳ ತ್ಯಾಜ್ಯನೀರಿನ ಗುಣವೇ ಬದಲಾಯಿತು. ಹಟ್ಟಿಯ ಇಂದಿನ ಸಂಸ್ಥೆ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯೆಂದು ಆರಂಭವಾದಾಗ ಸಯನೈಡ್ ಜಗತ್ತಿನೆಲ್ಲೆಡೆ ರೂಢಿಯಲ್ಲಿತ್ತು. ಅದರ ನೀರನ್ನು ನಿಯಂತ್ರಿಸುವ ರಾಷ್ಟ್ರಮಟ್ಟದ ಕಾನೂನು ಮಾತ್ರ ನಮ್ಮಲ್ಲಿರಲಿಲ್ಲ.

ತ್ಯಾಜ್ಯನೀರಿಗೆ ಅಂಕಿಯ ಮಿತಿ ಹಾಕುವ ಕ್ರಮ ಬಲವಾಗಿ ಬೇರೂರಿದ್ದು ಬ್ರಿಟನ್ನಿನಲ್ಲಿ. ಚರಂಡಿ ನೀರಿನ ವಿಲೇವಾರಿಗಾಗಿ ನೇಮಕವಾದ ರಾಯಲ್ ಆಯೋಗವು 1912ರ ತನ್ನ ಎಂಟನೆಯ ವರದಿಯಲ್ಲಿ ಜೈವಿಕ ಆಕ್ಸಿಜನ್ ಬೇಡಿಕೆ (ಬಿಒಡಿ) ಲೀಟರಿಗೆ 20 ಮಿಲಿಗ್ರಾಂ, ತೇಲುಕಣಗಳು 30 ಮಿಲಿಗ್ರಾಂ ಮೀರಬಾರದೆಂದಿತು. ಇದರ ಹಿಂದಿನ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಬಿಒಡಿ 2 ಇರುವ ಎಂಟು ಪಾಲು ನದಿನೀರಿಗೆ ಬಿಒಡಿ 20 ಇರುವ ಒಂದು ಪಾಲು ತ್ಯಾಜ್ಯನೀರು ಬೆರೆತರೆ ಒಟ್ಟು 36. ಒಂಬತ್ತರಿಂದ ಭಾಗಿಸಿದರೆ 4. ನದಿ ತಾಳಿಕೊಳ್ಳಬಲ್ಲ ಮಿತಿ ಇಷ್ಟೇ ಎಂದು ಆಯೋಗ ಎಣಿಸಿತ್ತು. ಅಂದರೆ ಆ 20 ಎಂಬ ಸಂಖ್ಯೆಯೊಳಗೆ ಸದಾ ಹರಿಯುವ ಒಂದು ನದಿ ಅಡಗಿದೆ.

ಹಟ್ಟಿ, ಮಸ್ಕಿ ಕಡೆಯ ಹಳ್ಳಗಳಲ್ಲಿ ಮಳೆಗಾಲ ಕಳೆದ ಮೇಲೆ ಆ ಎಂಟು ಪಾಲು ಎಲ್ಲಿಂದ ಬರಬೇಕು? ಇಲ್ಲಿ ಹೊರಬಿಟ್ಟ ನೀರು ಬೆರೆಯುವುದಿಲ್ಲ, ಇಂಗುತ್ತದೆ.

ನೀರು ರಾಜ್ಯಗಳ ವಿಷಯವಾದ್ದರಿಂದ 1974ರ ಜಲ ಮಾಲಿನ್ಯ ಕಾಯಿದೆಯನ್ನು ಸಂಸತ್ತು ಸಂವಿಧಾನದ 252ನೆಯ ವಿಧಿಯಂತೆ, ಹನ್ನೆರಡು ರಾಜ್ಯಗಳ ಶಾಸನಸಭೆಗಳ ಕೋರಿಕೆಯ ಮೇರೆಗೆ ರೂಪಿಸಿತು. ಅವುಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಾಪನೆಯಾಯಿತು. ಕಾಯಿದೆಯಲ್ಲಿ 'ಹೊಳೆ' ಎಂಬುದಕ್ಕೆ ಕೊಟ್ಟ ವ್ಯಾಖ್ಯೆ ಗಮನಾರ್ಹ: ಹರಿಯುತ್ತಿರುವ ಜಲಮಾರ್ಗದ ಜೊತೆಗೆ ಸದ್ಯಕ್ಕೆ ಒಣಗಿರುವುದೂ, ನೆಲದಡಿಯ ನೀರೂ ಅದರಲ್ಲಿ ಸೇರಿವೆ. 1988ರ ತಿದ್ದುಪಡಿಯು ಬರಿಯ ನೆಲದ ಮೇಲೆ ಬಿಡುವುದನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಬಯಲುಸೀಮೆಗೆ ಇಷ್ಟು ಒಪ್ಪುವ ಮಾತು ಕಾನೂನಿನ ಪುಸ್ತಕದಲ್ಲಿ ಸಿಗುವುದು ಅಪರೂಪ.

ಆದರೆ ಅಂಕಿಗಳು ಹಳೆಯ ಜಾಡನ್ನೇ ಹಿಡಿದವು. 1993ರ ಸಾಮಾನ್ಯ ವಿಸರ್ಜನಾ ಮಾನಕಗಳಲ್ಲಿ ಸಯನೈಡಿಗೂ ಆರ್ಸೆನಿಕ್ಕಿಗೂ ಲೀಟರಿಗೆ 0.2 ಮಿಲಿಗ್ರಾಂ ಮಿತಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿನ ಮಾರ್ಗದರ್ಶಿ ಮಿತಿಯನ್ನು 0.01ಕ್ಕೆ ಇಳಿಸಿತು. ಎರಡರ ನಡುವೆ ಇಪ್ಪತ್ತು ಪಟ್ಟು ಅಂತರ. ಅದನ್ನು ತುಂಬಿಕೊಡಲು ಇಲ್ಲಿ ನದಿಯಿಲ್ಲ.

ಈ ಎರಡು ವಿಷಗಳ ಸ್ವಭಾವವೂ ಬೇರೆ. ಸಯನೈಡ್ ಇಂಗಾಲ ಮತ್ತು ಸಾರಜನಕಗಳ ಸಂಯುಕ್ತ. ಹೈಡ್ರೊಜನ್ ಪೆರಾಕ್ಸೈಡ್ ಅಥವಾ ಕ್ಲೋರಿನ್‌ನಿಂದ ಅದನ್ನು ಒಡೆಯಬಹುದು, ಬಿಸಿಲೂ ಅಷ್ಟಿಷ್ಟು ಒಡೆಯುತ್ತದೆ. ಆರ್ಸೆನಿಕ್ ಧಾತು, ಒಡೆಯುವ ಪ್ರಶ್ನೆಯೇ ಇಲ್ಲ. ಹಟ್ಟಿಯ ಅದಿರಿನಲ್ಲಿ ಅದು ಆರ್ಸೆನೊಪೈರೈಟ್ ಖನಿಜವಾಗಿ ಚಿನ್ನದ ಜೊತೆಯಲ್ಲೇ ಇದೆ. ಇನ್ನೊಂದು ತೊಡಕು: ಸಯನೈಡ್ ವಿಷಾನಿಲವಾಗಿ ಹಾರದಂತೆ ಸುಣ್ಣ ಸೇರಿಸಿ ದ್ರಾವಣದ ಪಿಎಚ್ ಅನ್ನು 10ರ ಆಸುಪಾಸಿನಲ್ಲಿ ಇಡಬೇಕು, ಆದರೆ ಪಿಎಚ್ ಏರಿದಂತೆ ಕಬ್ಬಿಣದ ಆಕ್ಸೈಡಿಗೆ ಅಂಟಿದ ಆರ್ಸೆನಿಕ್ ಸಡಿಲಗೊಂಡು ನೀರಿಗಿಳಿಯುತ್ತದೆ. ಆದ್ದರಿಂದಲೇ ಗಿರಣಿಯ ಕೆಸರನ್ನು ಕಟ್ಟೆಯೊಳಗೆ ನಿಲ್ಲಿಸಿ, ತಿಳಿನೀರನ್ನು ಮತ್ತೆ ಗಿರಣಿಗೇ ಬಳಸುವುದು ಲೇಸು. ಕಟ್ಟೆಯೂ ಗಟ್ಟಿಯಿರಬೇಕು. 2000ದ ಜನವರಿಯಲ್ಲಿ ರುಮೇನಿಯಾದ ಬಾಯಾ ಮಾರೆಯಲ್ಲಿ ಇಂಥ ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನಮೀಟರ್ ಸಯನೈಡ್ ನೀರು ಟಿಸಾ ನದಿಯ ಮೂಲಕ ಡ್ಯಾನ್ಯೂಬಿನವರೆಗೂ ಹರಿಯಿತು. ಅಲ್ಲಿ ಸತ್ತ ಮೀನುಗಳು ಕಣ್ಣಿಗೆ ಕಂಡವು. ನೆಲದೊಳಕ್ಕೆ ಜಿನುಗಿದ್ದು ಹಾಗೆ ಕಾಣುವುದಿಲ್ಲ.

ಹಟ್ಟಿಯಿಂದ ಕೃಷ್ಣೆಯ ಆಚೆಗೆ, ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಊರಿನ ಬಳಿ (ಕರಾವಳಿಯ ಮಂಗಳೂರಲ್ಲ) ಕೆಲಸ ನಿಂತ ಒಂದು ಚಿನ್ನದ ಗಣಿಯಿದೆ. ಅದರ ಸಮೀಪದ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಮಿತಿಮೀರಿದ ಆರ್ಸೆನಿಕ್ಕೂ, ನಿವಾಸಿಗಳ ಚರ್ಮದ ಮೇಲೆ ಅದರ ಗುರುತುಗಳೂ ಇದ್ದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಅಲ್ಲಿನ ಬಂಡೆಯಲ್ಲೂ ಸಹಜವಾಗಿ ಆರ್ಸೆನಿಕ್ ಇರುವುದರಿಂದ ಗಣಿಯ ಪಾಲೆಷ್ಟು, ಬಂಡೆಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಕೆಲಸ ಶುರುವಾಗುವ ಮುನ್ನವೇ ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ ಬರೆದಿಟ್ಟಿದ್ದರೆ ಮಾತ್ರ ಆಮೇಲಿನ ಅಳತೆಯನ್ನು ಅದರೊಡನೆ ಹೋಲಿಸಿ ನೋಡಲು ಬರುತ್ತದೆ.