ಫ್ಯಾಂಟಮ್‌ನ ಬೆಲ್ಟ್

ಅಮೆರಿಕದ ಲೇಖಕ ಲೀ ಫಾಕ್ ಬರೆದು, ವಿಲ್ಸನ್ ಮೆಕಾಯ್ ಚಿತ್ರ ಬಿಡಿಸಿದ ಸಾಹಸ ಚಿತ್ರಕಥೆ. ‘ದಿ ಬೆಲ್ಟ್’ ಎಂಬ ಹೆಸರಿನಲ್ಲಿ 1954ರಲ್ಲಿ ದಿನಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಹತ್ತು ವರ್ಷಗಳ ಬಳಿಕ, 1964ರ ಮಾರ್ಚ್ ತಿಂಗಳಲ್ಲಿ, ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಬಳಗ ಹೊರತಂದ ಇಂದ್ರಜಾಲ ಕಾಮಿಕ್ಸ್ ಮಾಲೆಯ ಮೊದಲ ಸಂಚಿಕೆಯಾಯಿತು. ಭಾರತದಲ್ಲಿ ಕಾಮಿಕ್ಸ್ ಪುಸ್ತಕಗಳ ದೊಡ್ಡ ಮಾರುಕಟ್ಟೆ ತೆರೆದುಕೊಂಡದ್ದು ಈ ಮಾಲೆಯಿಂದ. ಕನ್ನಡದ ಮಕ್ಕಳ ಓದಿನ ಇತಿಹಾಸದಲ್ಲೂ ಇದಕ್ಕೆ ಜಾಗವಿದೆ. ಆ ಜಾಗವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಹಿನ್ನೆಲೆ

ಫಾಕ್ 1934ರ ಜೂನ್ 11ರಂದು ಮಾಂತ್ರಿಕ ಮ್ಯಾಂಡ್ರೇಕ್‌ನನ್ನು ಓದುಗರ ಮುಂದೆ ತಂದಿದ್ದ. 1936ರ ಫೆಬ್ರುವರಿ 17ರಂದು ಕಿಂಗ್ ಫೀಚರ್ಸ್ ಸಿಂಡಿಕೇಟಿನ ಮೂಲಕ ಮುಖವಾಡದ ನಾಯಕ ಫ್ಯಾಂಟಮ್‌ನ ಚಿತ್ರಕಥೆ ಆರಂಭವಾಯಿತು. ಚಿತ್ರಕಾರ ರೇ ಮೂರ್. ಮೊದಲ ಕಥೆ ‘ದಿ ಸಿಂಗ್ ಬ್ರದರ್‌ಹುಡ್’ ಅದೇ ವರ್ಷದ ನವೆಂಬರ್‌ವರೆಗೆ ನಡೆಯಿತು. ಮುಖವಾಡದ ಹಿಂದೆ ಇರುವವನು ಜಿಮ್ಮಿ ವೆಲ್ಸ್ ಎಂಬ ಸಿರಿವಂತ ತರುಣ ಎಂದು ತೋರಿಸುವುದು ಫಾಕ್‌ನ ಮೊದಲ ಯೋಚನೆ. ಕಥೆ ನಡೆಯುತ್ತಿರುವಾಗಲೇ ಅವನ ಮನಸ್ಸು ಬದಲಾಯಿತು. ನಗರದ ತರುಣನನ್ನು ಬದಿಗಿಟ್ಟು ಕಾಡು, ತಲೆಬುರುಡೆಯ ಗುಹೆ, ನಾಲ್ಕು ಶತಮಾನಗಳ ವಂಶಾವಳಿ ಎಲ್ಲವನ್ನೂ ಕಟ್ಟಿದ. ಕಡಲ್ಗಳ್ಳರು ಕೊಂದ ತಂದೆಯ ಮಗನೊಬ್ಬ 1536ರಲ್ಲಿ ಬೆಂಗಾಲ ಎಂಬ ಕಲ್ಪಿತ ನಾಡಿನ ದಡ ಸೇರಿ, ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡುತ್ತಾನೆ. ತಂದೆಯ ವೇಷ ಮಗನಿಗೆ ಬರುತ್ತದೆ. ಹೊರಗಿನವರು ಮಾತ್ರ ಅವನು ಒಬ್ಬನೇ, ಅವನಿಗೆ ಸಾವಿಲ್ಲ ಎಂದು ನಂಬುತ್ತಾರೆ. ನಾವು ಓದುವ ಕಥೆಗಳ ನಾಯಕ ಈ ವಂಶದ ಇಪ್ಪತ್ತೊಂದನೆಯವನು.

ಕಿಪ್ಲಿಂಗ್‌ನ ಕಾಡಿನ ಕಥೆಗಳು ಮತ್ತು ಟಾರ್ಜನ್ ತನಗೆ ಪ್ರೇರಣೆ ಎಂದು ಫಾಕ್ ಹೇಳಿಕೊಂಡಿದ್ದ. ಆರಂಭದ ಕಥೆಗಳ ಬೆಂಗಾಲ ಏಷ್ಯಾದ ಕಡಲಂಚಿನಲ್ಲಿತ್ತು. 1960ರ ದಶಕದಿಂದ ಅದು ಆಫ್ರಿಕಾದ ನಾಡಾಯಿತು.

ಕಥಾವಸ್ತು

‘ಬೆಲ್ಟ್’ ಈ ವಂಶಕಥೆಯ ಅತ್ಯಂತ ನೋವಿನ ಕೊಂಡಿ. ಸಿಂಗ್ ಎಂಬ ಕಡಲ್ಗಳ್ಳರ ಗುಂಪಿನ ರಾಮಾ ಎಂಬವನು ಇಪ್ಪತ್ತನೆಯ ಫ್ಯಾಂಟಮ್‌ನ ನಂಬಿಕೆ ಗಳಿಸಿ, ಬೆನ್ನಿಗೆ ಇರಿದು, ಅವನ ಪಿಸ್ತೂಲುಗಳನ್ನೂ ಬುರುಡೆಯ ಗುರುತಿನ ಬೆಲ್ಟನ್ನೂ ದೋಚಿಕೊಂಡು ಹೋಗುತ್ತಾನೆ. ಗಾಯಗೊಂಡ ತಂದೆ ಗುಹೆ ಸೇರಿ ಪ್ರಾಣ ಬಿಡುತ್ತಾನೆ. ಮಗ ಪ್ರತಿಜ್ಞೆ ಮಾಡಿ ವೇಷ ಧರಿಸುತ್ತಾನೆ. ವರ್ಷಗಳ ಮೇಲೆ ಆ ಬೆಲ್ಟಿನ ಸುಳಿವು ಹಿಡಿದು ಕೊಲೆಗಾರನ ಬೆನ್ನು ಹತ್ತುತ್ತಾನೆ. ಇತರ ಕಥೆಗಳಲ್ಲಿ ಫ್ಯಾಂಟಮ್ ಊರವರ ರಕ್ಷಕ. ಇಲ್ಲಿ ಅವನು ತಂದೆಯನ್ನು ಕಳೆದುಕೊಂಡ ಮಗ. ಸೇಡು ತೀರಿಸಿಕೊಳ್ಳಬೇಕೋ, ನ್ಯಾಯಕ್ಕೆ ಒಪ್ಪಿಸಬೇಕೋ ಎಂಬ ಪ್ರಶ್ನೆ ಅವನ ಮುಂದಿದೆ. ಮೆಕಾಯ್‌ನ ಗೆರೆ ಸರಳ, ಕೆಲವೊಮ್ಮೆ ಒರಟು. ರೇ ಮೂರ್‌ನ ನೆರಳುಬೆಳಕಿನ ಸೊಗಸು ಅದರಲ್ಲಿಲ್ಲ, ಮುಂದೆ 1961ರಿಂದ ಚಿತ್ರ ಬಿಡಿಸಿದ ಸೈ ಬ್ಯಾರಿಯ ನಯವೂ ಇಲ್ಲ. ಆದರೂ ಒಂದು ಹೊಸ ಮಾಲೆಯನ್ನು ಈ ಕಥೆಯಿಂದ ಆರಂಭಿಸಿದ್ದು ಜಾಣತನದ ಆಯ್ಕೆ. ಮುಖವಾಡ ಯಾಕೆ, ಗುಹೆ ಯಾವುದು, ಬುರುಡೆಯ ಗುರುತಿನ ಉಂಗುರ ಏನು, ಪ್ರತಿಜ್ಞೆ ಯಾರದು ಎಂಬುದೆಲ್ಲ ಹೊಸ ಓದುಗನಿಗೆ ಒಂದೇ ಕಥೆಯಲ್ಲಿ ಸಿಕ್ಕಿಬಿಡುತ್ತದೆ.

ಭಾರತಕ್ಕೆ ಬಂದ ಬಗೆ

ಇಂದ್ರಜಾಲಕ್ಕಿಂತ ಮೊದಲೇ, 1940ರ ದಶಕದಲ್ಲಿ, ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ ಫ್ಯಾಂಟಮ್‌ನ ಭಾನುವಾರದ ಪುಟಗಳನ್ನು ಪ್ರಕಟಿಸುತ್ತಿತ್ತು. ಅದರ ಓದುಗರು ಇಂಗ್ಲಿಷ್ ಬಲ್ಲ ಮನೆಗಳವರು. ಟೈಮ್ಸ್ ಬಳಗ 1964ರಲ್ಲಿ ಇದನ್ನು ಪುಸ್ತಕರೂಪಕ್ಕೆ ತಂದು ದೇಶಭಾಷೆಗಳಿಗೂ ಹಬ್ಬಿಸಿತು. ಇಂಗ್ಲಿಷ್, ಹಿಂದಿ, ಮರಾಠಿ, ತಮಿಳು, ಬಂಗಾಳಿ, ಗುಜರಾತಿ, ಮಲಯಾಳಂಗಳ ಜೊತೆಗೆ ಕನ್ನಡದಲ್ಲೂ ಇಂದ್ರಜಾಲ ಬಂತು. ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ನವೇ. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಬಂದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ದೇಶಿ ನಾಯಕ ಬಹಾದೂರ್ ಸೇರಿಕೊಂಡ. ತಿಂಗಳಿಗೊಂದರಂತೆ ಶುರುವಾದ ಮಾಲೆ ಪಾಕ್ಷಿಕವಾಗಿ, 1981ರಿಂದ ವಾರಕ್ಕೊಂದಾಗಿ, 1990ರಲ್ಲಿ ನಿಂತುಹೋಯಿತು. ಆ ಹೊತ್ತಿಗೆ ಇಂಗ್ಲಿಷಿನಲ್ಲಿ 800ಕ್ಕೂ ಹೆಚ್ಚು ಸಂಚಿಕೆಗಳಾಗಿದ್ದವು. ಮುಂದೆ ಡೈಮಂಡ್ ಕಾಮಿಕ್ಸ್ ಫ್ಯಾಂಟಮ್ ಕಥೆಗಳನ್ನು ಹೊರತಂದಿತು.

ಪತ್ರಿಕೆಯ ಸ್ಟ್ರಿಪ್ ಪುಸ್ತಕವಾಗುವಾಗ ಆಗುವ ಬದಲಾವಣೆಗಳನ್ನು ಈ ಕಥೆ ಚೆನ್ನಾಗಿ ತೋರಿಸುತ್ತದೆ. ದಿನಪತ್ರಿಕೆಯ ಸ್ಟ್ರಿಪ್ ಎಂದರೆ ದಿನಕ್ಕೆ ಮೂರು ನಾಲ್ಕು ಚೌಕಟ್ಟು, ವಾರಕ್ಕೆ ಆರು ದಿನ. ನಿನ್ನೆ ಓದದವನಿಗಾಗಿ ಮೊದಲ ಚೌಕಟ್ಟು ನಿನ್ನೆಯದನ್ನೇ ನೆನಪಿಸುತ್ತದೆ, ಕೊನೆಯದು ನಾಳೆಗೆ ಕುತೂಹಲ ಉಳಿಸುತ್ತದೆ. ಒಂದೇ ಪಟ್ಟಿನಲ್ಲಿ ಕೂತು ಓದುವ ಪುಸ್ತಕದಲ್ಲಿ ಈ ಪುನರಾವರ್ತನೆ ಭಾರವಾಗುತ್ತದೆ. ಇಂದ್ರಜಾಲದ ಸಂಪಾದಕರು ಚೌಕಟ್ಟುಗಳನ್ನು ಕೈಬಿಟ್ಟರು, ಅಡ್ಡಸಾಲುಗಳನ್ನು ಕತ್ತರಿಸಿ ಪುಟಕ್ಕೆ ಹೊಂದಿಸಿದರು, ಬಣ್ಣ ತುಂಬಿದರು. ಪುಟಗಳು ಸೀಮಿತವಾಗಿದ್ದುದರಿಂದ ಮೊದಮೊದಲ ಸಂಚಿಕೆಗಳಲ್ಲಿ ಕಥೆಗಳು ಮೊಟಕಾಗಿವೆ.

ಹೆಸರುಗಳೂ ಬದಲಾದವು. ಸಿಂಗ್ ಕಡಲ್ಗಳ್ಳರು ಭಾರತದ ಮುದ್ರಣದಲ್ಲಿ ‘ಸಿಂಗಾ’ ಆದರು. ಕೊಲೆಗಾರ ರಾಮಾ ‘ರಾಮಲು’ ಆದ. ಬೆಂಗಾಲ ‘ಡೆಂಕಾಲಿ’ ಆಯಿತು. ಇದನ್ನು ಹೆದರಿಕೆಯ ಕತ್ತರಿ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೂಲದ ಹೆಸರುಗಳೇ ಉಳಿದಿದ್ದರೆ ಸಿಖ್ಖರ ಮನೆಯ ಮಗು ತನ್ನ ಕುಲದ ಹೆಸರನ್ನು ಕಳ್ಳರ ಗುಂಪಿಗೆ ಇಟ್ಟಿರುವುದನ್ನು ಓದಬೇಕಾಗಿತ್ತು. ದೇವರ ಹೆಸರಿನವನೇ ಬೆನ್ನಿಗೆ ಇರಿಯುವುದನ್ನು ಇನ್ನೊಂದು ಮಗು ನೋಡಬೇಕಾಗಿತ್ತು. ಸಂಪಾದಕರು ತಮ್ಮ ಓದುಗರನ್ನು ಅರಿತೇ ತಿದ್ದಿದ್ದಾರೆ. ಬಣ್ಣದ ಕಥೆಯೂ ಹೀಗೆಯೇ. ಫಾಕ್‌ನ ಮನಸ್ಸಿನಲ್ಲಿದ್ದ ಫ್ಯಾಂಟಮ್‌ನ ಉಡುಪು ಬೂದುಬಣ್ಣದ್ದು. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅದು ನೇರಳೆಯಾಯಿತು. ಸ್ಕ್ಯಾಂಡಿನೇವಿಯಾದಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಒಂದೊಂದು ದೇಶವೂ ಫ್ಯಾಂಟಮ್‌ನನ್ನು ತನ್ನ ಬಣ್ಣದಲ್ಲಿ ಕಂಡಿದೆ.

ಕನ್ನಡದಲ್ಲಿ

ಕನ್ನಡಿಗರಲ್ಲಿ ಹೆಚ್ಚಿನವರಿಗೆ ಫ್ಯಾಂಟಮ್ ಪರಿಚಯವಾದದ್ದು ಇಂದ್ರಜಾಲದ ಪುಸ್ತಕಗಳಿಗಿಂತ ಹೆಚ್ಚಾಗಿ ಪ್ರಜಾವಾಣಿ ಬಳಗದ ‘ಸುಧಾ’ ವಾರಪತ್ರಿಕೆಯ ಮೂಲಕ. 1965ರಲ್ಲಿ ಆರಂಭವಾದ ಸುಧಾ ಧಾರಾವಾಹಿ ಕಾದಂಬರಿಗಳ ನಡುವೆ ಫ್ಯಾಂಟಮ್‌ನನ್ನೂ ವಾರವಾರ ಕೊಟ್ಟಿತು. ಪತ್ರಿಕೆ ಮನೆಗೆ ಬಂದ ಕೂಡಲೇ ದೊಡ್ಡವರ ಕೈಯಿಂದ ಕಿತ್ತುಕೊಂಡು ಮೊದಲು ಆ ಪುಟ ತೆರೆದವರ ಒಂದು ತಲೆಮಾರೇ ಇದೆ. ಫ್ಯಾಂಟಮ್‌ನ ಗೆಳೆಯ ಗುರನ್, ಪ್ರೇಯಸಿ ಡಯಾನಾ, ಬಿಳಿಕುದುರೆ ಹೀರೋ, ತೋಳ ಡೆವಿಲ್ ಆ ತಲೆಮಾರಿಗೆ ನೆರೆಮನೆಯವರಷ್ಟೇ ಪರಿಚಿತರು.

ಕನ್ನಡಕ್ಕೆ ತರುವವರ ಕಷ್ಟ ಬೇರೆಯದೇ. ಮಾತಿನ ಬಲೂನುಗಳನ್ನು ಅಳೆದು ಬಿಡಿಸಿರುವುದು ಒಂದೇ ಎತ್ತರದ ಇಂಗ್ಲಿಷ್ ಅಕ್ಷರಗಳಿಗೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಹಾಗಾಗಿ ಬಲೂನಿನಲ್ಲಿ ಹಿಡಿಸುವ ಸಾಲುಗಳೇ ಕಡಿಮೆ. ಮಾತನ್ನು ಮೊಟಕು ಮಾಡಬೇಕು, ಬಿಗಿ ಹೋಗಬಾರದು. ಹೆಸರಿಲ್ಲದ ಉಪಸಂಪಾದಕರು ವಾರವಾರ ಮಾಡಿದ ಈ ಕೆಲಸ ಒಳ್ಳೆಯ ಅನುವಾದಕ್ಕೆ ಸಲ್ಲುವ ಗೌರವಕ್ಕೆ ಅರ್ಹವಾದದ್ದು.

ಈ ಇತಿಹಾಸಕ್ಕೆ ಕರ್ನಾಟಕದ ಇನ್ನೊಂದು ಎಳೆ ಇದೆ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ, ಇಂದ್ರಜಾಲ ಆರಂಭವಾದಾಗ ಟೈಮ್ಸ್ ಬಳಗದ ಪುಸ್ತಕ ವಿಭಾಗದಲ್ಲಿದ್ದು ಅದರ ಕೆಲಸದಲ್ಲಿ ತೊಡಗಿಕೊಂಡಿದ್ದರು. ಅಲ್ಲಿನ ಅನುಭವವೇ ಮುಂದೆ ಅವರ ಅಮರ ಚಿತ್ರ ಕಥೆ ಕಾಮಿಕ್ಸ್ ಮಾಲೆಗೆ ಬಂಡವಾಳವಾಯಿತು. ಅಮರ ಚಿತ್ರ ಕಥೆಯ ಆರಂಭವೂ ಕನ್ನಡದಲ್ಲೇ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಇಂಡಿಯಾ ಬುಕ್ ಹೌಸ್ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಸಂಚಿಕೆಗಳನ್ನು ಕನ್ನಡದಲ್ಲಿ ಹೊರತಂದಿತ್ತು. ಮಾಲೆಯ ಇಂಗ್ಲಿಷ್ ಸಂಚಿಕೆಗಳು ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಗುವುದು ಅದಕ್ಕೇ.

ಗಡಿನಾಡಿನ ಓದು

ಕರ್ನಾಟಕದ ಗಡಿಭಾಗದ ಬಂಗಾರಪೇಟೆ, ಕೋಲಾರ ಚಿನ್ನದ ಗಣಿ, ಬೂದಿಕೋಟೆಗಳ ಸೀಮೆಯಲ್ಲಿ ಈ ಕಥೆಗೆ ಹಲವು ಬಾಗಿಲು. ಗಣಿ ಕಾಲೊನಿಗಳಲ್ಲಿ ತಮಿಳು, ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇಂಗ್ಲಿಷ್, ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು, ಉರ್ದು. ಇಂಥ ಕಡೆ ಇಂಗ್ಲಿಷ್ ಇಂದ್ರಜಾಲ, ಕನ್ನಡದ ಸುಧಾ, 1972ರಲ್ಲಿ ಶಿವಕಾಶಿಯಿಂದ ಹೊರಟ ತಮಿಳಿನ ಮುತ್ತು ಕಾಮಿಕ್ಸ್ ಮೂರರಲ್ಲೂ ಫ್ಯಾಂಟಮ್‌ನನ್ನು ಓದಬಹುದಿತ್ತು. ಭಾಷೆ ಬಾರದಿದ್ದರೂ ಚಿತ್ರ ಅರ್ಥವಾಗುತ್ತದೆ. ಅಕ್ಷರ ಕೂಡಿಸಿ ಓದುವ ಮಗುವಿಗೆ ಎರಡನೆಯ ಭಾಷೆ ಕಲಿಯಲು ಇದಕ್ಕಿಂತ ಸುಲಭದ ಪಠ್ಯ ಕಡಿಮೆ. ತಂದೆಯನ್ನು ಕಳೆದುಕೊಂಡ ಮಗನ ಕಥೆ ಈ ನೆಲಕ್ಕೆ ಹೊಸದೂ ಅಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಮಡಿದಾಗ ಇನ್ನೂ ಹುಡುಗ.

ಉಳಿದಿರುವುದು

ಫಾಕ್ 1999ರ ಮಾರ್ಚ್ 13ರಂದು ತೀರಿಕೊಂಡ. ಅವನ ನಂತರವೂ ಬೇರೆ ಲೇಖಕರು ಸ್ಟ್ರಿಪ್ ಮುಂದುವರಿಸಿದರು. ಇಂದ್ರಜಾಲದ ಇಂಗ್ಲಿಷ್ ಸಂಚಿಕೆಗಳನ್ನು ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುತ್ತಾರೆ. ಕನ್ನಡದವುಗಳಿಗೆ ಅಷ್ಟು ಕಾಳಜಿ ಸಿಕ್ಕಿಲ್ಲ. ಎಷ್ಟೋ ಸಂಚಿಕೆಗಳು ರದ್ದಿಗೆ ಹೋಗಿವೆ. ಇವು ಕನ್ನಡ ಅನುವಾದದ, ಮುದ್ರಣದ, ಬಾಲ್ಯದ ದಾಖಲೆಗಳು. ಮನೆಯ ಅಟ್ಟದಲ್ಲಿ ಹಳೆಯ ಸುಧಾ ಕಟ್ಟೋ ಕನ್ನಡ ಇಂದ್ರಜಾಲವೋ ಇದ್ದವರು ಅದನ್ನು ತೂಕಕ್ಕೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೆ ತಲುಪಿಸಬೇಕು.