ತಿಗಣೆಯ ಮೇಲಿನ ಆಪಾದನೆ

ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ಒಂದು ಸಣ್ಣ ಕಥೆಯಿದೆ. ಅರಸನೊಬ್ಬನ ಹಾಸಿಗೆಯ ವಸ್ತ್ರಗಳ ನಡುವೆ ಮಂದವಿಸರ್ಪಿಣಿಯೆಂಬ ಹೇನು ಬಹುಕಾಲದಿಂದ ಸುಖವಾಗಿ ಬಾಳುತ್ತಿರುತ್ತದೆ. ಒಂದು ದಿನ ಅಗ್ನಿಮುಖನೆಂಬ ತಿಗಣೆ ಅಲ್ಲಿಗೆ ಬಂದು, ಮೃಷ್ಟಾನ್ನ ಉಣ್ಣುವ ಅರಸನ ರಕ್ತದ ರುಚಿಯನ್ನು ತನಗೂ ತೋರಿಸಬೇಕೆಂದು ಬೇಡುತ್ತದೆ. ಅರಸನಿಗೆ ಗಾಢವಾದ ನಿದ್ರೆ ಹತ್ತುವವರೆಗೆ ಕಾದಿರಬೇಕೆಂಬ ಕರಾರಿನ ಮೇಲೆ ಹೇನು ಒಪ್ಪುತ್ತದೆ. ತಿಗಣೆಗೆ ಅಷ್ಟು ತಾಳ್ಮೆ ಎಲ್ಲಿಯದು? ಅರಸ ಮಲಗಿದೊಡನೆಯೇ ಕಚ್ಚುತ್ತದೆ. ಅವನು ಥಟ್ಟನೆ ಎದ್ದು ಕೂಗುತ್ತಾನೆ, ಸೇವಕರು ಹಾಸಿಗೆಯನ್ನು ತಡಕುತ್ತಾರೆ. ಅಷ್ಟರಲ್ಲಿ ತಿಗಣೆ ಮಂಚದ ಸಂದಿ ಸೇರಿಕೊಂಡಿರುತ್ತದೆ. ಬಟ್ಟೆಯ ನಡುವೆ ಸಿಕ್ಕಿದ ಹೇನು ಪ್ರಾಣ ಬಿಡುತ್ತದೆ.

ಶೀಲವರಿಯದವರಿಗೆ ಆಶ್ರಯ ಕೊಡಬಾರದೆಂಬುದು ಕಥೆಯ ನೀತಿ. ನನಗೆ ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಕಥೆಗಾರನ ಕಣ್ಣು. ತಿಗಣೆ ಮನುಷ್ಯನ ಮೈಮೇಲಾಗಲಿ ಬಟ್ಟೆಯಲ್ಲಾಗಲಿ ನೆಲೆಸುವುದಿಲ್ಲ. ಕಚ್ಚಿ, ಹೀರಿ, ಮರದ ಬಿರುಕಿಗೆ ಮರಳುತ್ತದೆ ಎಂಬುದನ್ನು ಆತ ಬಲ್ಲ. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರದು ಎಂಬ ಈ ಕಥೆ ಇಪ್ಪತ್ತನೆಯ ಶತಮಾನದಲ್ಲಿ, ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿಯೇ, ತಿರುವುಮುರುವಾಗಿ ನಡೆಯಿತು. ಅಲ್ಲಿ ಅಪರಾಧಿ ಬೇರೊಂದು ಕೀಟ. ಆಪಾದನೆ ಹೊತ್ತದ್ದು ತಿಗಣೆ. ಆ ವೃತ್ತಾಂತವನ್ನು ಹೇಳುವ ಮುನ್ನ ಈ ಕೀಟದ ಪೂರ್ವೋತ್ತರಗಳನ್ನು ಸ್ವಲ್ಪ ನೋಡೋಣ.

ಮನುಷ್ಯನೊಡನೆ ತಿಗಣೆಯ ನಂಟು ಬಹು ಹಳೆಯದು. ಈಜಿಪ್ಟಿನ ಅಮರ್ನಾದಲ್ಲಿ, ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಕೆಲಸಗಾರರ ಊರೊಂದನ್ನು ಅಗೆದಾಗ ಒಣಗಿದ ತಿಗಣೆಗಳು ದೊರೆತಿವೆ. ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ಕ್ರಿ.ಪೂ. 423ರಲ್ಲಿ ಆಡಿಸಿದ ‘ಮೋಡಗಳು’ ಎಂಬ ಪ್ರಹಸನದಲ್ಲಿ, ತತ್ವಚಿಂತನೆಗೆಂದು ಮಲಗಿಸಲ್ಪಟ್ಟ ಮುದುಕನೊಬ್ಬ ತಿಗಣೆಗಳ ಕಾಟದಿಂದ ಹೊರಳಾಡುತ್ತಾನೆ. ರೋಮಿನ ಪ್ಲಿನಿ ಇದನ್ನು ಹಾವಿನ ವಿಷಕ್ಕೆ ಮದ್ದೆಂದು ಬರೆದ. ಸಂಸ್ಕೃತದಲ್ಲಿ ಇದರ ಹೆಸರು ಮತ್ಕುಣ. ಲಕ್ಷ್ಮಿ ಕಮಲದಲ್ಲಿಯೂ ಶಿವ ಹಿಮಾಲಯದಲ್ಲಿಯೂ ವಿಷ್ಣು ಹಾಲ್ಗಡಲಿನಲ್ಲಿಯೂ ಮಲಗುವುದು ಮತ್ಕುಣಗಳ ಭಯದಿಂದಲೇ ಎಂದು ವಿನೋದ ಮಾಡಿದ ಸುಭಾಷಿತಕಾರನು ಸ್ವತಃ ಎಷ್ಟು ರಾತ್ರಿ ಎದ್ದು ಕುಳಿತಿದ್ದನೋ! ನಮ್ಮಲ್ಲಿ ತಿಗಣೆಯೆಂದೂ ತಗಣೆಯೆಂದೂ ತಗಣಿಯೆಂದೂ ಕರೆಯುವುದುಂಟು. ವಿಜ್ಞಾನಿಗಳು ಮನುಷ್ಯನಿಗಂಟಿದ ಎರಡು ಮುಖ್ಯ ಜಾತಿಗಳನ್ನು ಗುರುತಿಸುತ್ತಾರೆ: ತಂಪುದೇಶಗಳದು ಒಂದು, ನಮ್ಮಂಥ ಉಷ್ಣದೇಶಗಳದು ಇನ್ನೊಂದು. ಮೊದಲನೆಯದಕ್ಕೆ ಹಾಸಿಗೆಯ ಹೆಸರನ್ನೇ ಸೇರಿಸಿ 1758ರಲ್ಲಿ ನಾಮಕರಣ ಮಾಡಿದವನು ಲಿನ್ನೇಯಸ್.

ಲಂಡನ್ನಿನಲ್ಲಿ 1730ರಲ್ಲಿ ಜಾನ್ ಸೌತಾಲ್ ಎಂಬಾತ ತಿಗಣೆಗಳನ್ನೇ ಕುರಿತು ಒಂದು ಪುಸ್ತಕ ಬರೆದ. ಆತ ಮಾರುತ್ತಿದ್ದ ತಿಗಣೆ ದ್ರಾವಣದ ಗುಟ್ಟನ್ನು ಜಮೈಕಾದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಒಬ್ಬ ವೃದ್ಧನಿಂದ ಕಲಿತೆನೆಂದು ಆತನೇ ಹೇಳಿಕೊಂಡಿದ್ದಾನೆ. ಆ ವೃದ್ಧನ ಹೆಸರು ಉಳಿಯಲಿಲ್ಲ. ಮುಂದಿನ ಶತಮಾನದಲ್ಲಿ ಬ್ರಿಟಿಷ್ ರಾಣಿಯ ಅರಮನೆಗೇ ನೇಮಕಗೊಂಡ ತಿಗಣೆ ಸಂಹಾರಕರ ಮನೆತನವೊಂದಿತ್ತು. ಸಿರಿವಂತರ ಮಂಚವಾದರೂ ಈ ಕೀಟಕ್ಕೆ ನಿಷಿದ್ಧವಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಈಗ ಆಪಾದನೆಯ ಪ್ರಸಂಗಕ್ಕೆ ಬರುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಸ್ಸಾಮಿನಲ್ಲಿ ಕಾಲಾ ಆಜಾರ್ ಎಂಬ ವ್ಯಾಧಿ ಹಳ್ಳಿಹಳ್ಳಿಗಳನ್ನೇ ಬರಿದುಮಾಡುತ್ತಿತ್ತು. ಬಿಡದ ಜ್ವರ, ಊದಿಕೊಂಡ ಗುಲ್ಮ, ಕಪ್ಪಿಡುವ ಮೈ, ಸೊರಗಿ ಸೊರಗಿ ಮರಣ. 1903ರಲ್ಲಿ ಲೀಶ್‌ಮನ್ ಮತ್ತು ಮದರಾಸಿನ ಡೊನೊವನ್ ಈ ರೋಗದ ಸೂಕ್ಷ್ಮಜೀವಿಯನ್ನು ಬೇರೆಬೇರೆಯಾಗಿ ವರ್ಣಿಸಿದರು. ಆದರೆ ಅದು ರೋಗಿಯ ಮೈಯಿಂದ ಆರೋಗ್ಯವಂತನ ಮೈಗೆ ಹೇಗೆ ಹೋಗುತ್ತದೆ?

ಚಹಾ ತೋಟಗಳಲ್ಲಿ ಒಂದು ಸುಳಿವು ಸಿಕ್ಕಿತ್ತು. ರೋಗ ಹೊಕ್ಕ ಕೂಲಿಕಾರರ ಸಾಲುಮನೆಗಳನ್ನು ತೊರೆದು, ಆರೋಗ್ಯವಂತರನ್ನು ಕೆಲವು ನೂರು ಗಜಗಳಾಚೆ ಹೊಸ ಮನೆಗಳಲ್ಲಿ ಇರಿಸಿದರೆ ರೋಗ ಅವರನ್ನು ಹಿಂಬಾಲಿಸುತ್ತಿರಲಿಲ್ಲ. ಎಂದಮೇಲೆ ರೋಗವನ್ನು ಹೊತ್ತು ತರುವ ಜೀವಿ ಮನೆಗೇ ಅಂಟಿಕೊಂಡದ್ದು, ದೂರ ಹೋಗಲಾರದ್ದು, ರಾತ್ರಿ ರಕ್ತ ಹೀರುವಂಥದು. ಈ ಲಕ್ಷಣಗಳೆಲ್ಲ ತಿಗಣೆಗೆ ಹೊಂದುತ್ತಿದ್ದವು. 1907ರಲ್ಲಿ ಮದರಾಸಿನಲ್ಲಿ ಪ್ಯಾಟನ್ ಎಂಬ ವೈದ್ಯಾಧಿಕಾರಿ, ರೋಗಿಯ ರಕ್ತ ಕುಡಿದ ತಿಗಣೆಯ ಕರುಳಿನಲ್ಲಿ ಆ ಸೂಕ್ಷ್ಮಜೀವಿ ಬಾಲ ಮೂಡಿಸಿಕೊಂಡು ಬೆಳೆಯುವುದನ್ನು ಕಂಡ. ಆರೋಪಪಟ್ಟಿ ಸಿದ್ಧವಾಯಿತು.

ಆದರೆ ಒಂದು ಕೊಂಡಿ ಮಾತ್ರ ಕೂಡಿ ಬರಲಿಲ್ಲ. ತಿಗಣೆಯ ಕರುಳಿನಲ್ಲಿ ಜೀವಿ ಬೆಳೆಯುವುದು ನಿಜವಾದರೂ, ತಿಗಣೆ ಕಚ್ಚಿದ್ದರಿಂದ ರೋಗ ಬಂದಿತೆಂದು ವರ್ಷಗಟ್ಟಲೆ ಹೆಣಗಿದರೂ ತೋರಿಸಲಾಗಲಿಲ್ಲ. 1924ರಲ್ಲಿ ಕಲ್ಕತ್ತೆಯಲ್ಲಿ ನೋಲ್ಸ್, ನೇಪಿಯರ್ ಮತ್ತು ಸ್ಮಿತ್ ಎಂಬವರು ಅದೇ ಜೀವಿ ಮರಳುನೊಣವೆಂಬ ಪುಟ್ಟ ಕೀಟದೊಳಗೂ ಸೊಂಪಾಗಿ ಬೆಳೆಯುವುದನ್ನು ಕಂಡರು. ಸಿಂಟನ್ ಎಂಬವರು ಕಾಲಾ ಆಜಾರ್ ಇರುವ ಪ್ರದೇಶಗಳಿಗೂ ಆ ನೊಣದ ಒಂದು ಜಾತಿ ಇರುವ ಪ್ರದೇಶಗಳಿಗೂ ಹೊಂದಿಕೆಯಿರುವುದನ್ನು ತೋರಿಸಿದರು. ಮರಳುನೊಣವೂ ದೂರ ಹಾರಲಾರದು. ಅದೂ ಮನೆ, ಕೊಟ್ಟಿಗೆಗಳ ಸುತ್ತಲೇ ಸುಳಿಯುವಂಥದು. ಚಹಾ ತೋಟದ ಸುಳಿವು ಅದಕ್ಕೂ ಒಪ್ಪುತ್ತಿತ್ತು! ಆದರೆ ಪ್ರಯೋಗಶಾಲೆಯಲ್ಲಿ ಈ ನೊಣಗಳು ಮತ್ತೊಮ್ಮೆ ಕಚ್ಚುವಷ್ಟು ದಿನ ಬದುಕುತ್ತಲೇ ಇರಲಿಲ್ಲ. ರಕ್ತದೂಟದ ಬಳಿಕ ಅವಕ್ಕೆ ಒಣದ್ರಾಕ್ಷಿಯ ಸಿಹಿ ಕೊಟ್ಟರೆ ಬದುಕುತ್ತವೆ, ರೋಗಾಣುಗಳೂ ಅವುಗಳ ಬಾಯಿಯವರೆಗೆ ತುಂಬಿಕೊಳ್ಳುತ್ತವೆ ಎಂಬುದು 1940ರ ಸುಮಾರಿಗೆ ತಿಳಿಯಿತು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು, ತಾವಾಗಿ ಮುಂದೆ ಬಂದ ಮನುಷ್ಯರಿಗೆ ಮರಳುನೊಣಗಳಿಂದ ಕಚ್ಚಿಸಿ ರೋಗ ದಾಟುವುದನ್ನು ಸ್ಥಾಪಿಸಿದರು. ಮೂವತ್ತೈದು ವರ್ಷಗಳ ಬಳಿಕ ತಿಗಣೆ ಆರೋಪದಿಂದ ಮುಕ್ತವಾಯಿತು. ಆ ಹೊತ್ತಿಗೆ ಎಷ್ಟೋ ಮನೆಗಳು ಬರಿದಾಗಿದ್ದವು. ಯಾರೋ ಹಟಮಾರಿತನದಿಂದ ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಯುಕ್ತವಾಗಿ ಕಂಡ ಅನುಮಾನಕ್ಕೂ ಸ್ಥಿರಪಟ್ಟ ಪ್ರಮಾಣಕ್ಕೂ ನಡುವಿನ ದಾರಿ ಎಷ್ಟು ಉದ್ದವೆಂಬುದನ್ನು ಈ ಪ್ರಸಂಗ ಕಾಣಿಸುತ್ತದೆ.

ಇಂದಿಗೂ ನಲವತ್ತಕ್ಕೂ ಹೆಚ್ಚು ರೋಗಗಳ ಅಣುಗಳನ್ನು ತಿಗಣೆಗೆ ಗಂಟುಹಾಕಿ ಪರೀಕ್ಷಿಸಿದ್ದಾರೆ. ಕೆಲವು ಅಣುಗಳು ಅದರ ಒಡಲಿನಲ್ಲಿ ದಿನಗಟ್ಟಲೆ ಉಳಿಯುತ್ತವೆ. ಪ್ರಯೋಗಶಾಲೆಯ ಇಲಿಗಳಿಗೆ ದಾಟಿದ್ದೂ ಉಂಟು. ಆದರೆ ಮನೆಯಲ್ಲಿ ಮಲಗಿದ ಮನುಷ್ಯನಿಗೆ ತಿಗಣೆಯಿಂದ ಇಂಥ ರೋಗ ಬಂದಿತೆಂದು ಖಚಿತವಾಗಿ ಸ್ಥಾಪಿತವಾಗಿಲ್ಲ.

ಹಾಗೆಂದ ಮಾತ್ರಕ್ಕೆ ತಿಗಣೆ ನಿರಪಾಯವೆಂದು ತಿಳಿಯಬಾರದು. ನಮ್ಮ ಉಸಿರಿನ ಗಾಳಿಯನ್ನೂ ಮೈಯ ಕಾವನ್ನೂ ಅರಸಿಕೊಂಡು ಅದು ಬರುತ್ತದೆ. ಐದಾರು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಹೀರಿ ಹೊರಟುಹೋಗುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯಗಳಿವೆ. ಅವುಗಳಿಗೆ ನಮ್ಮ ಮೈ ಒಗ್ಗದೆ ದದ್ದು, ನವೆ ಏಳುತ್ತವೆ. ಕೆಲವರಿಗೆ ಕೂಡಲೇ, ಕೆಲವರಿಗೆ ದಿನಗಳ ಬಳಿಕ, ಕೆಲವರಿಗೆ ಏನೂ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರು ಮಾತ್ರ ನರಳುವುದು ಇದರಿಂದಲೇ. ಕೆರೆದ ಕಡೆ ಹುಣ್ಣಾಗಿ ಕೀವು ತುಂಬುವುದುಂಟು. ಎಲ್ಲಕ್ಕಿಂತ ದೊಡ್ಡ ನಷ್ಟ ನಿದ್ರೆಯದು. ಕಚ್ಚುವುದು ನಿಂತ ಮೇಲೂ ಕಚ್ಚುತ್ತಿರುವಂತೆಯೇ ಭಾಸವಾಗಿ, ದೀಪ ಹಾಕಿಕೊಂಡು ಕುಳಿತಿರುವವರಿದ್ದಾರೆ.

1962ರಲ್ಲಿ ಹೈದರಾಬಾದಿನ ಪೋಷಣ ಸಂಶೋಧನಾಲಯದಿಂದ ವೆಂಕಟಾಚಲಂ ಮತ್ತು ಬೆಳವಾಡಿ ಅವರು ಒಂದು ಮಹತ್ವದ ಪ್ರಬಂಧ ಪ್ರಕಟಿಸಿದರು. ಎಡೆಬಿಡದೆ ತಿಗಣೆ ಕಚ್ಚುವುದರಿಂದ ಎಳೆಯ ಮಕ್ಕಳ ಮೈಯ ಕಬ್ಬಿಣದಂಶ ಸೋರಿಹೋಗಿ ರಕ್ತಹೀನತೆಗೆ ಕಾರಣವಾಗಬಹುದೇ ಎಂಬುದು ಅವರ ವಿಚಾರ. ಹೊಟ್ಟೆ ತುಂಬ ಉಂಡವನಿಗೆ ತಿಗಣೆ ಬರಿಯ ಕಿರಿಕಿರಿ. ಅರೆಹೊಟ್ಟೆಯ ಮಗುವಿಗೆ ಅದು ಊಟದಲ್ಲಿ ಪಾಲು ಬೇಡುವ ಪ್ರಾಣಿ. ಹಳೆಯ ಕಥೆಯ ಅಗ್ನಿಮುಖ ಅರಸನ ರಕ್ತವನ್ನು ಬಯಸಿದ. ನಿಜವಾದ ತಿಗಣೆಗೆ ಅಂಥ ಆಯ್ಕೆಯಿಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ. ಬಂದಾಗ ಈ ಪೀಡೆ ಮುಗಿಯಿತೆಂದೇ ಜಗತ್ತು ನಂಬಿತು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅದರ ಹಿಂದಿನ ವರ್ಷವೇ ಹವಾಯಿಯ ನೌಕಾದಳದ ವಸತಿಗಳಲ್ಲಿ ಡಿ.ಡಿ.ಟಿ.ಗೆ ಜಗ್ಗದ ತಿಗಣೆಗಳು ಕಾಣಿಸಿಕೊಂಡಿದ್ದವು. ನಮ್ಮ ದೇಶದಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಗೋಡೆಗಳ ಮೇಲೆ ಡಿ.ಡಿ.ಟಿ. ಸಿಂಪಡಿಸತೊಡಗಿದರು. ಮಲೇರಿಯಾ ಹೋದದ್ದು ಕಣ್ಣಿಗೆ ಕಾಣುವಂಥದಲ್ಲ. ತಿಗಣೆ ಸತ್ತದ್ದು ಕಾಣುತ್ತದೆ. ಹೀಗಾಗಿ ಜನ ಔಷಧದ ಗುಣವನ್ನು ತಿಗಣೆಯಿಂದ ಅಳೆದರು. ತಿಗಣೆ ಸಾಯದೆ, ಔಷಧದ ಕೆರಳಿಕೆಯಿಂದ ಸಂದಿ ಬಿಟ್ಟು ಹೊರಗೆ ಹರಿದಾಡತೊಡಗಿದಾಗ, ಸಿಂಪಡಿಸುವುದರಿಂದಲೇ ತಿಗಣೆ ಹೆಚ್ಚಿತೆಂದು ಬಗೆದು ಬಾಗಿಲು ಹಾಕಿಕೊಂಡರು. ಮಲೇರಿಯಾ ಹರಡದ ಕೀಟವೊಂದು ಮಲೇರಿಯಾ ನಿವಾರಣೆಗೆ ಹಲವು ದೇಶಗಳಲ್ಲಿ ಅಡ್ಡಬಂದುದು ಹೀಗೆ.

ಇತ್ತೀಚಿನ ಇಪ್ಪತ್ತೈದು ವರ್ಷಗಳಲ್ಲಿ, ತಿಗಣೆಯನ್ನು ಮರೆತೇಬಿಟ್ಟಿದ್ದ ಸಿರಿವಂತ ದೇಶಗಳಿಗೂ ಅದು ಮರಳಿದೆ. ನ್ಯೂಯಾರ್ಕಿನ ವಸತಿಗೃಹಗಳು ತತ್ತರಿಸಿದವು. 2023ರಲ್ಲಿ ಪ್ಯಾರಿಸ್ ನಗರವೇ ಗಾಬರಿಗೊಂಡಿತು. ಹೊಸ ಔಷಧಗಳಿಗೂ ಅದು ಒಗ್ಗಿಕೊಂಡಿದೆ. ಆತುರದಲ್ಲಿ ಜನ ವಿಷವನ್ನು ಹಾಸಿಗೆಗೂ ಮೈಗೂ ಸುರಿದುಕೊಳ್ಳುವುದರಿಂದ ಬೇರೆ ಅಪಾಯ. ಅಮೆರಿಕದ ಏಳು ರಾಜ್ಯಗಳಲ್ಲಿ 2003ರಿಂದ 2010ರವರೆಗೆ ತಿಗಣೆಗೆಂದು ಬಳಸಿದ ಕೀಟನಾಶಕಗಳಿಂದ 111 ಜನ ಅಸ್ವಸ್ಥರಾದರು; ಅವರಲ್ಲಿ ಒಬ್ಬರು ತೀರಿಕೊಂಡರು. ರೋಗ ಹರಡದ ಕೀಟಕ್ಕೆ ಹೆದರಿ ವಿಷಕ್ಕೆ ಬಲಿಯಾಗುವುದೆಂದರೆ ಇದಕ್ಕಿಂತ ವಿಷಾದಕರವಾದದ್ದು ಏನಿದೆ?

ನಾನು ಓದುತ್ತಿದ್ದ ಕಾಲದ ವಿದ್ಯಾರ್ಥಿನಿಲಯದಲ್ಲಿ ಭಾನುವಾರಗಳಂದು ಮಂಚಗಳನ್ನು ಅಂಗಳಕ್ಕೆ ತಂದು, ಕೀಲುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದೆವು. ಅದು ಅಜ್ಜಿಯರ ಕಾಲದ ಉಪಾಯವೆಂದು ನಕ್ಕವರೂ ಇದ್ದರು. ಇಂದಿನ ತಜ್ಞರು ಸೂಚಿಸುವುದೂ ಮುಖ್ಯವಾಗಿ ಶಾಖವನ್ನೇ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವನ್ನು ತಿಗಣೆಯಾಗಲಿ ಅದರ ಮೊಟ್ಟೆಯಾಗಲಿ ತಾಳಲಾರದು. ಆದರೆ ಕಾವು ಸಂದಿಯ ಒಳಗಿನವರೆಗೂ ತಲುಪಬೇಕು; ಹಾಸಿಗೆಯನ್ನು ಸುಮ್ಮನೆ ಬಿಸಿಲಿಗೆ ಹರಡಿದರೆ ಅವು ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತವೆ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದುವುದು, ಗೋಡೆಯ ಬಿರುಕುಗಳನ್ನು ಮುಚ್ಚುವುದು, ಹಳೆಯ ಪೀಠೋಪಕರಣ ಕೊಳ್ಳುವಾಗ ಸಂದಿಗಳನ್ನು ನೋಡುವುದು, ಒಮ್ಮೆ ಮಾಡಿ ಬಿಡದೆ ವಾರ ಬಿಟ್ಟು ವಾರ ಮಾಡುವುದು, ಇವೇ ಉಪಾಯಗಳು.

ಎಲ್ಲಕ್ಕೂ ಮೊದಲು ಬಿಡಬೇಕಾದದ್ದು ನಾಚಿಕೆ. ತಿಗಣೆ ಬಂದಿತೆಂದರೆ ಮನೆಯವರು ಕೊಳಕರೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಅವರು ಆ ತೀರ್ಮಾನಕ್ಕೆ ಅಂಜಿ ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಅದು ಪಕ್ಕದ ಮನೆಗೆ ಹಬ್ಬುತ್ತದೆ. ಕೊಳೆಯಿದ್ದಲ್ಲಿಗೆ ಅದು ಬರುವುದಿಲ್ಲ, ಮನುಷ್ಯನಿದ್ದಲ್ಲಿಗೆ ಬರುತ್ತದೆ. ಬಡವನ ಮನೆಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ನಿಜ. ಅದನ್ನು ಓಡಿಸಲು ಬೇಕಾದ ಹಣವೂ ಬಿಡುವೂ ಅವನಲ್ಲಿ ಇಲ್ಲದ್ದೇ ಅದಕ್ಕೆ ಕಾರಣ. ಒಂದು ಕೀಟದ ಮೇಲಿನ ಆಪಾದನೆಗೆ ಸಾಕ್ಷ್ಯ ಹುಡುಕಿ ವಿಜ್ಞಾನಿಗಳು ಮೂವತ್ತೈದು ವರ್ಷ ಶ್ರಮಿಸಿದರು. ನೆರೆಮನೆಯವರ ಮೇಲೆ ಆಪಾದನೆ ಹೊರಿಸುವ ಮುನ್ನ ನಾವು ಒಂದು ಗಳಿಗೆಯಾದರೂ ಯೋಚಿಸಿದರೆ, ಅವರು ಬಂದು ಸಹಾಯ ಕೇಳುವಷ್ಟು ಧೈರ್ಯ ತಾಳಿಯಾರು.